ನೀಲಿ ಟೇಪಿನ ಅಕ್ಷರ

ನೆಬ್ರಾಸ್ಕದ ಗಾಳಿ ನನಗಿಂತ ಮೊದಲೇ ಎದ್ದಿರುತ್ತದೆ.
ವಿಮಾನಗಳು ಬಿಟ್ಟುಹೋದ ಓಟದಾರಿ,
ಕಾಂಕ್ರೀಟಿನ ಬಿರುಕಲ್ಲಿ ಒಣಹುಲ್ಲು.
ಅದರ ಮೇಲೆ ಇನ್ನೂರು ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು
ಒಂದೊಂದರ ಬುಡಕ್ಕೂ ಸುಣ್ಣದ ಚೌಕ ಬರೆದು
ಮಡಚು ಮೇಜಿನ ಹಿಂದೆ ಬಂದು ಕೂತಿದ್ದೇನೆ.
ನಾನು ವಿಲ್ಮಾ ಕುಚೇರಾ. ವಾರವೆಲ್ಲ ಶಾಲೆಯ ಅಡುಗೆಮನೆ,
ತಿಂಗಳಿಗೊಂದು ಭಾನುವಾರ ತಪಾಸಣೆ.

ಸಾಲಾಗಿ ಬರುತ್ತವೆ ಕಾರುಗಳು, ಬಾನೆಟ್ಟು ತೆರೆದು,
ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಟ್ಟ ಮಕ್ಕಳ ಹಾಗೆ.
ಬ್ಯಾಟರಿ ಅಲ್ಲಾಡಬಾರದು. ನಟ್ಟು ಸಡಿಲ ಇರಬಾರದು.
ಒಳಗೆ ಒಂದು ನಾಣ್ಯವೂ ಉರುಳಬಾರದು.
ಇಷ್ಟು ಸುಲಭ. ಆಮೇಲೆ ಜಾತಕ:
ಸ್ಪ್ರಿಂಗು ಕಂಪನಿಯದೋ, ಕತ್ತರಿಸಿದ್ದೋ?
ರಿಮ್ಮಿನ ಅಗಲ ಎಷ್ಟು?
ಅರ್ಧ ಇಂಚು ಮೀರಿದರೆ ಕುಲವೇ ಬೇರೆ.

ನಮ್ಮ ಕ್ಲಬ್ಬಿನ ಪುಸ್ತಕದ ಮೊದಲ ಸಾಲು ನನಗೆ ಬಾಯಿಪಾಠ:
ಮಾಡಬಹುದು ಎಂದು ಬರೆದಿರದಿದ್ದರೆ
ಮಾಡುವಂತಿಲ್ಲ.
ಮದುವೆಯ ದಿನ ಗಂಡನಿಗೂ ಇದನ್ನೇ ಹೇಳಿದ್ದೆ.
ತಮಾಷೆ ಅಂದುಕೊಂಡ.

ಹನ್ನೆರಡನೆಯದು ಡೆಲ್ಮರ್ ವಾವ್ರನ ಮಿಯಾಟಾ,
ತೊಂಬತ್ತನಾಲ್ಕರದು, ಕೆಂಪು ಮಾಸಿ
ಹಳೆ ಇಟ್ಟಿಗೆಯ ಬಣ್ಣ.
ಹತ್ತು ವರ್ಷದಿಂದ ಅದೇ ಕೆಳಗಿನ ಕ್ಲಾಸು,
ಷೋರೂಮಿಂದ ಬಂದ ಹಾಗೇ ಇರುವ ಕಾರುಗಳದು.
ಹೋದ ವರ್ಷ ಎರಡನೆಯವನು;
ಈ ವರ್ಷ ಅವನದೇ, ಎಲ್ಲರೂ ಹೇಳುತ್ತಿದ್ದರು.
ಬಾಗಿಲು ತೆರೆದೆ.
ಸೀಟು ಬೇರೆ.

ತೆಳ್ಳನೆಯ ಚಿಪ್ಪು, ಪುಟ್ಟ ದೋಣಿಯಂಥದು.
"ಹಳೆಯದೆಲ್ಲಿ, ಡೆಲ್ಮರ್?"
"ಗ್ಯಾರೇಜಲ್ಲಿದೆ. ಬೆಕ್ಕು ಮಲಗುತ್ತೆ."
ಜನವರಿಯಲ್ಲಿ ಧಾನ್ಯದ ಗೋಪುರದ ಏಣಿಯಿಂದ ಬಿದ್ದಿದ್ದ.
ಸೊಂಟದಲ್ಲೀಗ ಆರು ತಿರುಪು, ಎರಡು ಸರಳು.
ಹಳೆ ಸೀಟಲ್ಲಿ ಹತ್ತು ನಿಮಿಷ ಕೂತರೆ
ಎಡಗಾಲು ಯಾರದೋ ಆಗಿಬಿಡುತ್ತದಂತೆ.

ಪುಸ್ತಕ ಹೇಳುತ್ತದೆ: ಇಪ್ಪತ್ತೈದು ಪೌಂಡಿಗೆ ಕಡಿಮೆಯಿದ್ದರೆ
ಆ ಕ್ಲಾಸಿಗೆ ಸಲ್ಲದು.
ಮೀನು ತೂಗುವ ತಕ್ಕಡಿ ನನ್ನ ಡಿಕ್ಕಿಯಲ್ಲೇ ಇತ್ತು.
ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನು ನೇತುಹಾಕಿದೆವು.
ಮುಳ್ಳು ನಡುಗಿ ನಡುಗಿ ಹದಿನೇಳಕ್ಕೆ ನಿಂತಿತು.
ಗಾಳಿ ಕೆಳಗಿಂದ ಎತ್ತುತ್ತಿತ್ತು, ನಿಜ.
ಎಂಟು ಪೌಂಡು ಎತ್ತುವ ಗಾಳಿಯಲ್ಲ.

"ನನ್ನೊಳಗೆ ಸೇರಿಸಿದ ಕಬ್ಬಿಣ," ಅಂದ,
"ಅದನ್ನೂ ಕೂಡಿಸಿಕೊಳ್ಳುತ್ತೀಯಾ?"
ಉತ್ತರ ಗೊತ್ತಿದ್ದೂ ಪುಟ ತಿರುವಿದೆ.
ಚಾಲಕನ ಬಗ್ಗೆ ಹೆಲ್ಮೆಟ್ಟು, ಮುಚ್ಚಿದ ಬೂಟು, ಲೈಸೆನ್ಸು.
ಅಷ್ಟೇ.

ಹಿಂದಿದ್ದ ಹುಡುಗ ಕೋಲ್ಟರ್, ಹೋದ ವರ್ಷ ಗೆದ್ದವನು,
"ಇರಲಿ ಬಿಡಿ, ನನ್ನದೇನೂ ತಕರಾರಿಲ್ಲ" ಅಂದ.
ಡೆಲ್ಮರ್ ತಿರುಗಿಯೂ ನೋಡಲಿಲ್ಲ:
"ಹಾಗಿದ್ದರೆ ಅವಳ ಕೈಲಿ ಪುಸ್ತಕ ಯಾಕೆ?"

ಬಾಗಿಲಿಗೆ ಅಂಟಿಸಿದ್ದ ನೀಲಿ ಟೇಪಿನ ಅಕ್ಷರವನ್ನು
ಉಗುರಿಂದ ಎಬ್ಬಿಸಿ, ಹರಿಯದ ಹಾಗೆ ಸುಲಿದು,
ಅದೇ ತುಂಡುಗಳಲ್ಲಿ ಹೊಸ ಅಕ್ಷರ ಕೂಡಿಸಿದ.
ಒಂದು ಗೆರೆ ಗಿಡ್ಡವಾಯಿತು. ಹಾಗೇ ಬಿಟ್ಟ.

ಮಧ್ಯಾಹ್ನ ನಾನು ಮೂರನೆಯ ತಿರುವಿನಲ್ಲಿ, ಕೈಯಲ್ಲಿ ಕೆಂಪು ಬಾವುಟ.
ಅಗಲ ಟೈರಿನ, ನೆಲಕ್ಕೆ ಹೊಟ್ಟೆಯೂರಿದ ಕಾರುಗಳು ಹೋದವು.
ಆಮೇಲೆ ಅವನು, ಸಣ್ಣ ಟೈರು ಕಿರುಚಿಸುತ್ತ.
ಶಂಕುವೊಂದಕ್ಕೆ ಹಿಂಬದಿ ತಾಗಿತು;
ಅದು ಬುಗುರಿಯ ಹಾಗೆ ಸುತ್ತಿ, ಓಲಾಡಿ,
ಸುಣ್ಣದ ಚೌಕದೊಳಗೇ ನೆಟ್ಟಗೆ ನಿಂತಿತು.
ಒಳಗಿದ್ದರೆ ದಂಡವಿಲ್ಲ. ಬಗ್ಗಿ ನೋಡಿದೆ. ಒಳಗಿತ್ತು.

ಐವತ್ತೊಂದು ಸೆಕೆಂಡು, ಮೇಲೊಂದಿಷ್ಟು.
ಐವರಲ್ಲಿ ಐದನೆಯವನು.

ಕಾರು ನಿಲ್ಲಿಸಿದವನು ಬಹಳ ಹೊತ್ತು ಇಳಿಯಲಿಲ್ಲ.
ಸೀಟು ಆಳ, ಸೊಂಟ ಬಗ್ಗದು; ಹತ್ತಿರ ಹೋದೆ.
ಏಳಲು ಆಸರೆಗೆ ಕೈ ನೀಡಬಹುದೆಂದು
ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.
ನೀಡಿದೆ.
ಹದಿನೇಳು ಪೌಂಡಂತೂ ಅಲ್ಲ, ಮಾರಾಯ.