ಅಳಿವೆಯಲ್ಲಿ ತೂಕ

ಅಪ್ಪನ ಕಣ್ಣು ಹೋದ ಮೇಲೆ
ತಕ್ಕಡಿ ನನ್ನ ಕೈಗೆ ಬಂತು.
ಮುಖಗಳು ಮಾತ್ರ ಅವನ ಹೆಬ್ಬೆರಳಲ್ಲೇ ಉಳಿದವು.

ಮಳೆ ಹಿಂದೆಗೆದು, ಅಘನಾಶಿನಿಯ ಅಳಿವೆಯಲ್ಲಿ
ಕೆನ್ನೀರು ಹಸಿರಾಗುವ ಹೊತ್ತಿಗೆ
ಯವನರ ಹಡಗು ಮರಳದಿಬ್ಬಕ್ಕೆ ಹೆದರಿ
ದೂರವೇ ನಿಲ್ಲುತ್ತದೆ.
ದೋಣಿಯಲ್ಲಿ ಬೆಳ್ಳಿ ಬರುತ್ತದೆ,
ದೋಣಿಯಲ್ಲಿ ಮೆಣಸು ಹೋಗುತ್ತದೆ.
ನನಗೆ ಗೊತ್ತಿದ್ದ ರೋಮ ಇಷ್ಟೇ.

ಅಪ್ಪನಿಗೆ ಹೆಚ್ಚು ಗೊತ್ತಿತ್ತು.
ನಾಣ್ಯ ಒತ್ತಿ ಹೇಳುತ್ತಿದ್ದ:
ಇವನಿಗೆ ಎರಡು ಗದ್ದ. ಚೆನ್ನಾಗಿ ಉಣ್ಣುತ್ತಾನೆ.
ಕತ್ತಿನ ಹಿಂದಿನ ಕೊಬ್ಬು ನೋಡು,
ಇಂಥವನು ಬೆಳ್ಳಿಗೆ ತಾಮ್ರ ಬೆರೆಸದೆ ಬಿಡುವುದಿಲ್ಲ.
ಗುಲಗಂಜಿ ಇಟ್ಟು ತೂಗಿದರೆ
ಹೌದು, ಕಡಿಮೆಯೇ.

ಹದಿನಾಲ್ಕು ಮಳೆಗಾಲ ಅದೇ ಕತ್ತು ಬಂತು,
ಬರುಬರುತ್ತ ದಪ್ಪವಾಗಿ.
ಆಮೇಲೆ ಒಂದು ಸಲ, ಒಂದೇ ಚೀಲದಲ್ಲಿ,
ನಾಲ್ಕು ಹೊಸಬರು.

ಅಪ್ಪ ಸವರಿದ.
ಮುದುಕ, ಗಿಳಿಮೂಗು.
ಇವನ ಕೂದಲು ಸಾಲು ಹಿಡಿದು ಕೂತಿದೆ, ಇವನದಲ್ಲ ಅದು.
ಇವನಿಗೆ ಗಂಟಲೇ ಇಲ್ಲ, ಬರೀ ಗಲ್ಲ.
ಇವನು ಬೋಳ.
ಸವರುವುದನ್ನು ನಿಲ್ಲಿಸಿ,
ಮಾಳೀ, ಅಲ್ಲಿ ಏನೋ ಆಗಿದೆ, ಎಂದ.

ಹೇಳಬೇಕಾದವನು ಹೆರ್ಮಿಯ,
ಹಡಗಿನ ಲೆಕ್ಕ ಹಿಡಿಯುವವನು, ಹಿಂದೆ ಯಾರದೋ ಆಳು.
ನಮ್ಮ ಮಾತಿನಲ್ಲಿ ಅವನಿಗಿದ್ದದ್ದು ಸಂತೆಯಷ್ಟೇ ಮಾತು:
ಮೆಣಸು, ತೂಕ, ಹಳೇದು, ಹೊಸದು, ನಾಳೆ, ಸುಳ್ಳು.
ಅಷ್ಟರಲ್ಲೇ ಹೇಳಿದ.

ಹಳೇ ದೊರೆ. ಪೇಟೆ ನಡುವೆ. ಕಡಿದರು.
ಹೊಸ ದೊರೆ. ಮೂರು ತಿಂಗಳು. ತಾನೇ ಕಡಿದುಕೊಂಡ.
ಇನ್ನೊಬ್ಬ, ಹೊಟ್ಟೆ ದೊಡ್ಡದು,
ಬಾಗಿಲು ಕಾಯುವವನ ಕೋಣೆ, ಅಡಗಿದ. ಎಳೆದರು. ಹೊಳೆ.
ಬೋಳ ದೊರೆ ನಾಳೆ. ಬೋಳ ದೊರೆ ಲೆಕ್ಕ ಮಾಡುತ್ತಾನೆ.

ಹೇಳುವಾಗ ಕಗ್ಗದ ಗಂಜಿ ಸುರಿಯುತ್ತಲೇ ಇದ್ದ.
ಆಮೇಲೆ ಬೆಂಕಿ ಎಂದ.
ಗುಡ್ಡದ ಮೇಲೆ ದೇವರ ಮನೆ, ಬೆಂಕಿ.
ಕೆಳಗೆ ಓಣಿ.
ಯಾರು ಹಚ್ಚಿದ್ದು ಎಂದೆ.
ಇವರು ಎಂದ. ಅವರು ಎಂದ. ಸುಳ್ಳು ಎಂದ.

ಗಂಜಿಯ ಬಟ್ಟಲು ಕೆಳಗಿಟ್ಟು
ಕೈಯನ್ನು ತನ್ನ ಎದೆಮಟ್ಟಕ್ಕೆ ಹಿಡಿದ,
ಇಷ್ಟೆತ್ತರ ಎಂಬಂತೆ.
ಆ ಮಾತು ಅವನಲ್ಲಿರಲಿಲ್ಲ.
ಮಗಳೇ? ಎಂದೆ. ತಂಗಿಯೇ? ಎಂದೆ.
ಎರಡನ್ನೂ ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದ,
ಯಾವುದನ್ನೂ ಕೊಳ್ಳಲಿಲ್ಲ.
ಕೈ ಇನ್ನೂ ಅಲ್ಲೇ ಇತ್ತು, ಗಾಳಿಯ ಮೇಲೆ.

ದೇವಿಮನೆ ಘಟ್ಟ ಇಳಿದು ಬಂದ ಎತ್ತುಗಳು ಮೆಲುಕು ಹಾಕುತ್ತಿದ್ದವು.
ಹೇರಿನವರ ಯಜಮಾನ ಕುಪ್ಪ ಹೊಸ ಬೆಳ್ಳಿ ಮುಟ್ಟಲಿಲ್ಲ.
ಅಜ್ಜನ ಕಾಲದ ದೊರೆಯದೇ ಕೊಡು, ಎಂದ,
ಸತ್ತು ಎಷ್ಟೋ ಕಾಲವಾದವನದು.
ಸತ್ತವನು ತೂಕ ಬದಲಿಸುವುದಿಲ್ಲ.

ಹಾಗಾಗಿ ಉಳಿ ತೆಗೆದೆ.
ಕೆನ್ನೆಯ ಮೇಲೆ ಅಡ್ಡ ಒಂದು ಗೆರೆ ಕಡಿದರೆ
ಒಳಗೆ ತಾಮ್ರವಿದ್ದರೆ ಕಾಣುತ್ತದೆ.
ನಮ್ಮ ಮನೆಯ ಕ್ರಮ, ಯಾವ ದೊರೆಯ ಮೇಲೂ ಹಗೆಯಿಲ್ಲ.
ಮುದುಕನಿಗೆ ಒಂದು. ಸುಳ್ಳುಕೂದಲಿಗೆ ಒಂದು.
ಗಲ್ಲದವನ ಸರದಿಗೆ ಹೆರ್ಮಿಯ ಕೈ ಚಾಚಿದ.
ಕೊಟ್ಟೆ.
ಅವನು ಹೊಡೆದದ್ದು ಪರೀಕ್ಷೆಯ ಏಟಲ್ಲ,
ನಾಣ್ಯ ಎರಡಾಗಿ ಒಂದು ಚೂರು ಬಳಚಿನ ಚಿಪ್ಪಿನ ರಾಶಿಗೆ ಹಾರಿತು.
ಒಳಗೆ ಬೆಳ್ಳಿಯೇ ಇತ್ತು,
ಚೊಕ್ಕಟವಲ್ಲದಿದ್ದರೂ ಬೆಳ್ಳಿ.
ಅದನ್ನೇ ನೋಡುತ್ತ ಬಹಳ ಹೊತ್ತು ಕೂತ.
ಆ ಒಂದು ನಾಣ್ಯದ ನಷ್ಟ ನಾನು ಲೆಕ್ಕಕ್ಕೆ ಬರೆಯಲಿಲ್ಲ.

ಮರುವರ್ಷ ಹಡಗು ಬಂತು, ಲೆಕ್ಕಕ್ಕೆ ಬೇರೆ ಹುಡುಗ.
ಹೆರ್ಮಿಯ? ಎಂದರೆ ಹೆಗಲು ಕುಣಿಸಿದ.
ಅಪ್ಪ ಚೀಲಕ್ಕೆ ಕೈ ಹಾಕಿ ಒಂದೊಂದೇ ಸವರಿದ,
ಐದನೆಯವನಿಗಾಗಿ ಹುಡುಕುತ್ತ.
ಅದೇ ಬೋಳ. ಮತ್ತೆ ಅದೇ ಬೋಳ.
ರೋಮದ ದೊರೆಗೆ ರೋಮವೇ ಇಲ್ಲ ಎಂದು
ಅಪ್ಪ ತಾನೇ ನಕ್ಕ.

ನಾನು ತೂಗಿದೆ.
ಗುಂಜಿಯ ಕಾಲು ಭಾಗ ಕಡಿಮೆ.