ಆಯುಧ: ಇಲ್ಲ

ಹಗಲೆಲ್ಲ ನಾನು ನಂಬರ್ ಪ್ಲೇಟ್ ಕತ್ತರಿಸುವವನು,
ಕುಶಾಲನಗರದ ಬಸ್ ಸ್ಟ್ಯಾಂಡಿನ ಹಿಂದೆ.
ಕೆಎ ಹನ್ನೆರಡು, ಕೆಎ ಹನ್ನೆರಡು, ಕೆಎ ಹನ್ನೆರಡು.
ಭಾನುವಾರ ರಾತ್ರಿ ಮಾತ್ರ
ಕರಿಮೆಣಸಿನ ಮಂಡಿಯ ಮಹಡಿಯಲ್ಲಿ ಕೂತು
ಇಲ್ಲದವರ ಮುಖ ಬರೆಯುತ್ತೇನೆ.

ಅಲ್ಲೊಂದು ಕಥೆಯಾಟ. ಹದಿನೇಳು ಜನ.
ಒಬ್ಬೊಬ್ಬರೂ ಒಬ್ಬೊಬ್ಬರನ್ನು ಹುಟ್ಟಿಸಿಕೊಂಡು
ದಾಳ ಉರುಳಿಸಿ, ಯುದ್ಧ ಮಾಡಿ, ಸಾಲ ಮಾಡಿ, ಮದುವೆಯಾಗಿ
ಹತ್ತು ಗಂಟೆಗೆ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ.
ತಮ್ಮವರನ್ನು ಕಣ್ಣಾರೆ ನೋಡುವ ಆಸೆ ಅವರಿಗೆ.
ಪೆನ್ಸಿಲ್ಲಿಗೆ ಐವತ್ತು, ಬಣ್ಣಕ್ಕೆ ನೂರು,
ಕುದುರೆ ಇದ್ದರೆ ಇನ್ನಿಪ್ಪತ್ತು:
ಕುದುರೆಯ ಹಿಂಗಾಲು ನನಗೆ ಇಂದಿಗೂ ಬಗ್ಗುವುದಿಲ್ಲ.

ಚೀಟಿ ಕೊಡುತ್ತೇನೆ, ತುಂಬಿ ಎನ್ನುತ್ತೇನೆ:
ಹೆಸರು, ವಯಸ್ಸು, ಆಯುಧ, ಶಕ್ತಿ, ಗುಟ್ಟು.

ಅಂಚೆ ಕಚೇರಿಯ ಮೊಣ್ಣಪ್ಪನವರದು ತೊಂಬತ್ತರ ಅಂಬಿಗಿತ್ತಿ,
ಒಂದು ಕಣ್ಣು ಹೊಳೆಯ ಮೇಲೆ, ಒಂದು ಚಿಲ್ಲರೆಯ ಮೇಲೆ.
ಕಂಡಕ್ಟರ್ ಮೊಯ್ದೀನ್‌ದು ರಾಜ್ಯವಿಲ್ಲದ ರಾಜ;
'ಮೂಗು ನಂದೇ ಇರಲಿ, ಆದರೆ ನಾನು ಅಂತ ಗೊತ್ತಾಗಬಾರದು.'
ಏಳನೇ ಕ್ಲಾಸಿನ ಪೂವಣ್ಣ ಕೇಳಿದ್ದು ಆನೆತಲೆಯ ಕಳ್ಳ,
ರೈಲುಕಂಬಿಯ ಬೇಲಿ ದಾಟುವ ಭಂಗಿಯಲ್ಲಿ.
(ಅವನಪ್ಪ ಅರಣ್ಯ ಇಲಾಖೆ. ತೋರಿಸಬೇಡಿ ಎಂದ.)
ನರ್ಸ್ ಫ್ಲೇವಿಯಾಳ ವೀರೆಗೆ ನಾಲ್ಕು ತೋಳು,
ನಾಲ್ಕೂ ಖಾಲಿ ಇರಬಾರದು.
ಈಟಿ, ಪಂಜು, ಪೀಚೆಕತ್ತಿ ಕೊಟ್ಟು
ನಾಲ್ಕನೆಯದಕ್ಕೆ ಏನೂ ಹೊಳೆಯದೆ ಥರ್ಮಾಮೀಟರ್ ಇಟ್ಟೆ.
ನಕ್ಕಳು. ಹತ್ತು ರೂಪಾಯಿ ಹೆಚ್ಚೇ ಕೊಟ್ಟಳು.

ಜನವರಿಯಲ್ಲಿ ಸಿದ್ದಾಜಮ್ಮ ಬಂದಳು,
ಕಾಫಿ ಕ್ಯೂರಿಂಗಿನಲ್ಲಿ ಬೀಜ ಆರಿಸುವವಳು.
ಮೂರು ವಾರ ಬರೀ ದಾಳ ಉರುಳುವುದನ್ನು ನೋಡಿ
ನಾಲ್ಕನೆಯ ವಾರ ಚೀಟಿ ತಂದಳು, ಯಾವುದೋ ಮಗುವಿನ ಅಕ್ಷರದಲ್ಲಿ:

ಹೆಸರು: ಇನ್ನೂ ಇಟ್ಟಿಲ್ಲ.
ವಯಸ್ಸು: ನನ್ನಷ್ಟೇ.
ಆಯುಧ: ಇಲ್ಲ.
ಶಕ್ತಿ: ಮಧ್ಯಾಹ್ನ ಕುರ್ಚಿಯಲ್ಲಿ ಕೂರುತ್ತಾಳೆ.
ಗುಟ್ಟು: ಯಾರೂ ಕರೆಯುವುದಿಲ್ಲ.

ಮಹಡಿಗೆ ಮಹಡಿಯೇ ನಕ್ಕಿತು.
'ಶತ್ರು ಬಂದರೆ ಏನು ಮಾಡ್ತಾಳಮ್ಮ?' ರಾಜ ಕೇಳಿದ.
'ಏಳೋದಿಲ್ಲ,' ಎಂದಳು. 'ಕೂತಿದ್ದಾಳಲ್ಲ.'

ಸುಲಭ ಅಂದುಕೊಂಡೆ. ಕುದುರೆಯಿಲ್ಲ.
ಕುರ್ಚಿ ಬಂತು, ಸೀರೆ ಬಂತು, ಹೆಗಲ ಮೇಲೆ ಜಡೆ ಬಂತು.
ಕೈ ಬರಲಿಲ್ಲ.
ಮಡಿಲಲ್ಲಿಟ್ಟರೆ ಅಕ್ಕಿ ಕೇರುವಂತೆ,
ಕುರ್ಚಿಯ ತೋಳಿಗಿಟ್ಟರೆ ಈಗಲೋ ಆಗಲೋ ಎದ್ದು ಹೊರಡುವಂತೆ.
ಅಳಿಸಿ ಅಳಿಸಿ ಕಾಗದಕ್ಕೆ ಜುಂಗು ಎದ್ದಿತು.
ಅವ್ವನನ್ನು ಕರೆದೆ. 'ಸುಮ್ಮನೆ ಕೂತ್ಕೋ, ಐದೇ ನಿಮಿಷ.'
ಕೂತಳು. ಬೆರಳು ಸೆರಗಿನ ದಾರ ಕಿತ್ತಿತು,
ಮೇಜಿನ ಮೇಲೆ ಚೆಲ್ಲಿದ್ದ ರವೆ ಗುಡ್ಡೆ ಮಾಡಿತು,
ಇಲ್ಲದ ನೊಣ ಓಡಿಸಿತು.
ಎರಡನೇ ನಿಮಿಷಕ್ಕೆ 'ಅಯ್ಯೋ ಹಾಲು' ಎಂದು ಎದ್ದೇ ಹೋದಳು.
ಹಾಲು ಇನ್ನೂ ಒಲೆಗಿಟ್ಟಿರಲಿಲ್ಲ.

ಮುಂದಿನ ಭಾನುವಾರ ರಾಜನ ಯುದ್ಧ ಹತ್ತಾದರೂ ಮುಗಿಯಲಿಲ್ಲ.
ಮೂಲೆಯ ಮೆಣಸಿನ ಚೀಲಕ್ಕೆ ಒರಗಿ
ಸಿದ್ದಾಜಮ್ಮ ನಿದ್ದೆ ಹೋಗಿದ್ದಳು.
ಬಲಗೈಯ ಎರಡು ಬೆರಳು ಮೊದಮೊದಲು
ಕರಿ ಬೀಜ ಎತ್ತಿದವು, ಒಡಕು ಬೀಜ ಎತ್ತಿದವು,
ಆಮೇಲೆ ಅದೂ ನಿಂತಿತು.
ಅಂಗೈ ಮೇಲಾಗಿ ಎರಡೂ ಕೈ ಬಿದ್ದಿದ್ದವು,
ಬಾಗಿಲಲ್ಲಿ ಯಾರೋ ಬಿಟ್ಟ ಚಪ್ಪಲಿಗಳ ಹಾಗೆ,
ಒಂದು ನೆಟ್ಟಗೆ, ಒಂದು ಓರೆ.
ದಾಳದ ಸದ್ದಾಗುವ ಮೊದಲೇ ಬರೆದುಕೊಂಡೆ.

ಚಿತ್ರ ಕೊಟ್ಟೆ. ದೀಪದ ಕೆಳಗೆ ಹಿಡಿದು ನೋಡಿದಳು.
ಹತ್ತರ ಐದು ನೋಟು ಎಣಿಸಿ ಕೊಟ್ಟಳು.
ಹೋಗುವಾಗ ಮೆಟ್ಟಿಲಿಂದ ಹಿಂದಿರುಗಿ ಬಂದು
'ಕುರ್ಚಿ ಎತ್ತರ ಆಯ್ತು ಕಣಪ್ಪಾ,' ಎಂದಳು.
'ಅವಳ ಕಾಲು ನೆಲಕ್ಕೆ ತಾಗಲಿ.'

ಕುರ್ಚಿಯನ್ನು ಮುಟ್ಟಲಿಲ್ಲ.
ನೆಲವನ್ನೇ ಒಂದಿಂಚು ಮೇಲಕ್ಕೆ ಎಳೆದೆ.