ನಗೆಗನ್ನಡಿ ಮನಿ

ಏಳು ಕನ್ನಡಿ, ಟಿಕೀಟು ಇಪ್ಪತ್ತು ರೂಪಾಯಿ.
ವಿಜಯಪುರದ ಸ್ಟೇಷನ್ ರೋಡಿಗೆ ನಮ್ಮ ತಗಡಿನ ಶೆಡ್ಡು.
ತಂಗಿ ಮಗಳು ಶಮೀನಾ ರೀಲ್ ಮಾಡಿದ್ಳು:
ಮೂರನೇ ಕನ್ನಡಿಯೊಳಗ ನಾನು
ಮಜ್ಜಿಗಿ ಗಡಿಗಿ,
ಐದನೇದರಾಗ ಜೋಳದ ದಂಟು.
"ನಗು ಮಾಮು" ಅಂದ್ಳು. ನನಗ ನಗು ಬರಲಿಲ್ಲ,
ಕನ್ನಡಿನೇ ನಕ್ಕಿತು.

ಎರಡು ಲಕ್ಷ ಮಂದಿ ನೋಡ್ಯಾರಂತ.
ದುಬೈದಾಂವ ಒಬ್ಬ ಕೆಂಪು ಹೃದಯ ಕಳಿಸ್ಯಾನ.
"ಎಲ್ಲೈತಿ?" ಅಂತ ಕೇಳಿದಾಂವ ಮತ್ತ ಮಾತಾಡಲಿಲ್ಲ.

ಐತವಾರ ಸಂಜಿಮುಂದ ಬಂದವರು
ಎದುರಿನ ಗಿರಣಿ ಚನಮಲ್ಲಪ್ಪ, ಹೆಂಡ್ತಿ, ಅತ್ತಿ, ಮೂರು ಹುಡುಗರು.
"ಹದಿನಾಲ್ಕು ವರ್ಷ ಈ ಬಾಗಿಲಾ ನೋಡೀನಿ.
ಒಳಗೇನೈತಂತ ಫೋನ್ ಹೇಳಬೇಕಾತು ನೋಡು!"

ಅವನ ಅತ್ತಿ ಏಳನೇ ಕನ್ನಡಿ ಮುಂದ ನಿಂತು
ಬಾಯಿಗೆ ಸೆರಗು ಹಿಡಿದು
ಹುಡುಗಿಯಂಗ ನಗಾಕ ಹತ್ತಿದ್ಳು.
ಶಮೀನಾ ಫೋನ್ ಎತ್ತಿದ್ಳು.
ಬ್ಯಾಡ ಅಂದೆ.